ಇಳಿಜಾರಿನಲ್ಲಿ ನಿಲ್ಲುತ್ತಿದ್ದ ಜೀಪು

ನಮ್ಮ ಮನೆಯ ಜೀಪಿಗೆ ನನಗಿಂತ ವಯಸ್ಸು ಹೆಚ್ಚು. ಮದುವೆಯಾಗಿ ಈ ಮನೆಗೆ ಬಂದಾಗ ನಾನು ಇಳಿದದ್ದು ಅದರಿಂದಲೇ. ರೇಷ್ಮೆ ಸೀರೆಗೆ ಪೆಟ್ರೋಲ್ ವಾಸನೆ ಹತ್ತಿಕೊಂಡಿತ್ತು. ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ಬೇರೆಯವರ ಗೇಟಿನೊಳಗೆ ಸ್ಕೂಟರುಗಳು ನಿಲ್ಲುವ ಜಾಗದಲ್ಲಿ ನಮ್ಮಲ್ಲಿ ಇದು ನಿಂತಿರುತ್ತದೆ. ಮಾವನವರು ವಾರಕ್ಕೊಮ್ಮೆಯಾದರೂ ಇದರಲ್ಲಿ ಹರಿಹರ ದಾಟಿ ಸಾರಥಿ ಎಂಬ ಹಳ್ಳಿಯಲ್ಲಿರುವ ನಮ್ಮ ಗದ್ದೆಗೆ ಹೋಗಿಬರಲೇಬೇಕು. ಬಸ್ಸು, ಕಾರು ಯಾವುದೂ ಅವರಿಗೆ ಒಗ್ಗುವುದಿಲ್ಲ.

ಈ ಜೀಪಿನ ಕಾರ್ಬುರೇಟರನ್ನು ಕಿತ್ತು ಫ್ಯೂಯೆಲ್ ಇಂಜೆಕ್ಷನ್ ಕೂರಿಸಿದವಳು ನನ್ನ ಮಗಳು. ಇಲ್ಲೇ ಎಂಜಿನಿಯರಿಂಗ್ ಓದಿ, ಹರಿಹರದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ. ಕಾರ್ಬುರೇಟರ್ ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಉಣಿಸುವ ಹಳೇ ಕಾಲದ ಸಾಮಾನು. ಅದು ಕಣ್ಣಳತೆಯಲ್ಲಿ ಉಪ್ಪು ಹಾಕಿದ ಹಾಗೆ, ಇಂಜೆಕ್ಷನ್ ಅಂದರೆ ಚಮಚದಲ್ಲಿ ಅಳೆದು ಹಾಕಿದ ಹಾಗೆ, ಅಳೆಯುವುದಕ್ಕೆ ಒಂದು ಪುಟ್ಟ ಕಂಪ್ಯೂಟರ್ ಇರುತ್ತದೆ ಎಂದು ಅಡುಗೆಕಟ್ಟೆಯ ಮೇಲೆ ಕೂತು ನನಗೆ ವಿವರಿಸಿದ್ದಳು. ಚಳಿಗಾಲದ ಬೆಳಿಗ್ಗೆ ಜೀಪು ಸ್ಟಾರ್ಟ್ ಮಾಡುವಷ್ಟರಲ್ಲಿ ಅಜ್ಜ ಸುಸ್ತಾಗಿ ಮೆಟ್ಟಿಲ ಮೇಲೆ ಕೂತುಬಿಡುವುದನ್ನು ಅವಳು ನೋಡುತ್ತಿದ್ದಳು. ಅದಕ್ಕೇ ಈ ಕೆಲಸಕ್ಕೆ ಕೈ ಹಾಕಿದ್ದು.

ಮಾವನವರು ಒಪ್ಪಿದರು, ಒಂದು ಶರತ್ತಿನ ಮೇಲೆ. “ಭತ್ತದ ಕೊಯ್ಲಿನೊಳಗ ಗಾಡಿ ಗದ್ದೆಗೆ ಇಳೀಬೇಕು, ನಡುವೆ ನಿಲ್ಲಬಾರ್ದು. ನಿಂತ್ರೆ ಹಳೇದು ವಾಪಸ್ ಹಾಕಿಸ್ತೀನಿ, ಆಮ್ಯಾಲೆ ಯಾರೂ ಅದನ್ನ ಮುಟ್ಟಂಗಿಲ್ಲ,” ಅಂದರು. ಕಿತ್ತ ಕಾರ್ಬುರೇಟರನ್ನು ಹಳೇ ಪಂಚೆಯೊಂದರಲ್ಲಿ ಸುತ್ತಿ ತಮ್ಮ ಮಂಚದ ಕೆಳಗೆ ಇಟ್ಟುಕೊಂಡರು.

ಹೊಸ ವ್ಯವಸ್ಥೆಯಲ್ಲಿ ಪೆಟ್ರೋಲನ್ನು ಜೋರಾಗಿ ತಳ್ಳುವ ಒಂದು ವಿದ್ಯುತ್ ಪಂಪು ಬಂತು. ಟ್ಯಾಂಕು ಇರುವುದು ಡ್ರೈವರ್ ಸೀಟಿನ ಕೆಳಗೆ, ಅದರ ಹಿಂದುಗಡೆಯೇ ಈ ಪಂಪು. ಕೀಲಿ ತಿರುಗಿಸಿದರೆ ಮೊದಲು ಅದು ‘ಗುಂಯ್’ ಅನ್ನುತ್ತದೆ, ಅದು ಸುಮ್ಮನಾದ ಮೇಲೆ ಸ್ಟಾರ್ಟ್ ಮಾಡಬೇಕು. ಮಾವನವರು ಎಂದೂ ಕಾದವರಲ್ಲ. ತಮ್ಮ ಗಾಡಿಯ ಮುಂದೆ ತಾವು ಯಾಕೆ ಕೈಕಟ್ಟಿ ನಿಲ್ಲಬೇಕು ಎಂಬುದು ಅವರ ವಾದ.

ದಾವಣಗೆರೆಯ ರಸ್ತೆಗಳಲ್ಲಿ ಜೀಪು ಹಾಲು ಸುರಿದ ಹಾಗೆ ಓಡಿತು. ಆದರೆ ಸಾರಥಿಯಲ್ಲಿ ಕಾಲುವೆ ಏರಿಯಿಂದ ನಮ್ಮ ಗದ್ದೆಗೆ ಇಳಿಯುವ ಜಾಗದಲ್ಲಿ, ಸರಿಯಾಗಿ ಅರ್ಧ ಇಳಿಜಾರಿನಲ್ಲಿ, ಕೆಮ್ಮಿ ನಿಂತುಹೋಯಿತು. ಬ್ರೇಕ್ ಬಿಟ್ಟು ಸಮತಟ್ಟಿಗೆ ಉರುಳಿಸಿ ತಂದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಯಿತು. ಪಕ್ಕದ ಗದ್ದೆಯವರು ಮಾವನವರಿಗೆ ದಾಯಾದಿ. ಬದುವಿನ ಮೇಲೆ ನಿಂತು ಮಗಳ ಕೈಯಲ್ಲಿದ್ದ ಲ್ಯಾಪ್‌ಟಾಪ್ ನೋಡಿ, “ಏನಣ್ಣಾ, ಲ್ಯಾಪ್‌ಟಾಪ್ ಜೀಪಿಗೆ ಕರೆಂಟ್ ಹೋತೇನು?” ಅಂದರು. ಮಾವನವರು ಜೀಪು ತಿರುಗಿಸಿ ಸೀದಾ ಮನೆಯ ದಾರಿ ಹಿಡಿದರು.

ಕೊಯ್ಲಿಗೆ ಇನ್ನೂ ದಿನಗಳಿದ್ದವು, ಆದರೆ ಆಮೇಲಿನ ಭಾನುವಾರಗಳೆಲ್ಲ ಅದೇ ಕಥೆ. ಎಂಜಿನ್ ಕಾದ ಮೇಲೆ ನಿಲ್ಲುತ್ತದೆ, ಹಾಗಾಗಿ ಇದು ಶಾಖದ ತೊಂದರೆ ಎಂದು ಮಗಳು ಸೆನ್ಸರ್ ಬದಲಾಯಿಸಿದಳು. ಕುಲುಕಾಟಕ್ಕೆ ವೈರು ಸಡಿಲವಾಗಿರಬೇಕು ಎಂದು ಒಂದೊಂದನ್ನೂ ಎಳೆದು ನೋಡಿದಳು. ಅರ್ತ್ ವೈರಿನ ಬುಡದಲ್ಲಿ ಬಣ್ಣ ಕೆರೆದಳು. ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಗೆರೆಗಳನ್ನು ನೋಡುತ್ತ ಕೂರುತ್ತಿದ್ದಳು, ನಾನು ತಂದಿಟ್ಟ ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು. ಊಟಕ್ಕೆ ಕೂತಾಗ ಅಜ್ಜನ ಮುಖ ನೋಡುತ್ತಿರಲಿಲ್ಲ. ಅವಳ ಉಗುರಿನ ಸುತ್ತ ಕಪ್ಪು ಕೂತಿತ್ತು. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದಾಗಲೂ ಅವಳು ಹಾಗೆ ತಲೆ ತಗ್ಗಿಸಿದ್ದನ್ನು ನಾನು ಕಂಡಿರಲಿಲ್ಲ.

ಕೊಯ್ಲಿಗೆ ಮುಂಚಿನ ಕೊನೆಯ ಭಾನುವಾರ ಹರಿಹರದ ಮೇಸ್ತ್ರಿಯನ್ನೂ ಕರೆದುಕೊಂಡು ಹೊರಟೆವು. ಸ್ಟೇಷನ್ ರಸ್ತೆಯ ಈ ಸಾಹೇಬರೇ ಮೊದಲಿನಿಂದ ನಮ್ಮ ಜೀಪಿನ ರಿಪೇರಿ ಮಾಡುತ್ತ ಬಂದವರು. ಮಾವನವರು ಬರಲಿಲ್ಲ. ಮಗಳು ಓಡಿಸಿದಳು, ಸಾಹೇಬರು ಪಕ್ಕದಲ್ಲಿ, ನಾನು ಬುತ್ತಿಯ ಡಬ್ಬಿಯನ್ನು ಕಾಲ ನಡುವೆ ಹಿಡಿದು ಡ್ರೈವರ್ ಸೀಟಿನ ಬೆನ್ನಿಗೇ ಕೂತಿದ್ದೆ. ಏರಿಯಿಂದ ಮೂತಿ ಕೆಳಗಾದ ಕೂಡಲೇ ನನ್ನ ಕಾಲ ಕೆಳಗಿನ ‘ಗುಂಯ್’ ಸದ್ದು ತೆಳ್ಳಗಾಗಿ ‘ಕೀಂಯ್’ ಎಂದು ಮೇಲೇರಿತು. ಮರುಕ್ಷಣ ಜೀಪು ನಿಂತಿತು.

ಆ ಸದ್ದು ನನಗೆ ಹೊಸದಲ್ಲ. ನಮ್ಮ ಬಡಾವಣೆಯ ಯಾವ ಗೃಹಿಣಿಗೂ ಹೊಸದಲ್ಲ. ಸಂಪಿನಲ್ಲಿ ನೀರು ತಳ ಕಂಡಾಗ ಮೋಟರ್ ಹಾಗೇ ಕಿರುಚುತ್ತದೆ. ಒಲೆಯ ಮೇಲೆ ಏನೇ ಇದ್ದರೂ ಬಿಟ್ಟು ಓಡಿ ಸ್ವಿಚ್ ಆರಿಸುತ್ತೇವೆ.

ಇಬ್ಬರೂ ಬಾನೆಟ್ ಎತ್ತಿ ವಾದಕ್ಕಿಳಿದಿದ್ದರು. ಕಂಪ್ಯೂಟರ್ ಕೆಟ್ಟಿದೆ ಎಂದು ಸಾಹೇಬರು, ಸಾಧ್ಯವಿಲ್ಲ ಎಂದು ಮಗಳು. ಇಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಎಂದು ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದು ನನ್ನನ್ನು ಇನ್ನೂ ಬಿಟ್ಟಿಲ್ಲ. ಅವರು ಉಸಿರು ತೆಗೆದುಕೊಳ್ಳುವವರೆಗೆ ಕಾದು ಹೇಳಿದೆ, “ಸಂಪು ಖಾಲಿಯಾದಾಗ ಮೋಟರ್ ಕೂಗುತ್ತಲ್ಲ, ಹಂಗೇ ಕೂಗ್ತು ಕಣೆ.”

ಮಗಳು ನಗಲಿಲ್ಲ. ಸೀದಾ ಹೋಗಿ ಟ್ಯಾಂಕಿನ ಮುಚ್ಚಳ ತೆಗೆದು ಒಣಗಿದ ಕಡ್ಡಿಯೊಂದನ್ನು ಇಳಿಬಿಟ್ಟಳು. ಹೊರಗೆ ತೆಗೆದರೆ ಅದರ ತುದಿಯಷ್ಟೇ ಒದ್ದೆ.

ಇದು ಮಾವನವರ ಪದ್ಧತಿ. ಒಂದು ಕಾಲದಲ್ಲಿ ಗದ್ದೆ ಹತ್ತಿರ ನಿಲ್ಲಿಸಿದ ಜೀಪಿನಿಂದ ಯಾರೋ ಪೈಪ್ ಹಾಕಿ ಪೆಟ್ರೋಲ್ ಎಳೆದಿದ್ದರಂತೆ. ಅಂದಿನಿಂದ ಹೋಗಿಬರಲು ಎಷ್ಟು ಬೇಕೋ ಅಷ್ಟೇ ಹಾಕಿಸುತ್ತಾರೆ. ಮೂತಿ ಕೆಳಗಾದರೆ ಆ ಇಷ್ಟೇ ಇಷ್ಟು ಪೆಟ್ರೋಲ್ ಟ್ಯಾಂಕಿನ ಮುಂದಕ್ಕೆ ಜಾರುತ್ತದೆ, ಹಿಂದಿನ ಮೂಲೆಯಲ್ಲಿರುವ ಕೊಳವೆಯ ಬಾಯಿಗೆ ಬರೀ ಗಾಳಿ ಸಿಗುತ್ತದೆ. ಕಾರ್ಬುರೇಟರಿನ ಹೊಟ್ಟೆಯಲ್ಲಿ ಒಂದು ಬಟ್ಟಲಿನಷ್ಟು ಪೆಟ್ರೋಲ್ ಯಾವಾಗಲೂ ಇರುತ್ತಿದ್ದುದರಿಂದ ಇಳಿಜಾರು ಮುಗಿಯುವವರೆಗೆ ಅದು ಸುಧಾರಿಸುತ್ತಿತ್ತು. ಇಂಜೆಕ್ಷನ್ನಿಗೆ ಅಂಥ ಬಟ್ಟಲಿಲ್ಲ, ಒಂದು ಗುಟುಕು ತಪ್ಪಿದರೂ ನಿಂತುಬಿಡುತ್ತದೆ. ಮಗಳು ಇದನ್ನೆಲ್ಲ ಮಣ್ಣಿನ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿದಳು. ಬಾಯಿಮಾತಿಗೆ ಬಿಡಲಿಲ್ಲ. ಹರಿಹರಕ್ಕೆ ಹೋಗಿ ಟ್ಯಾಂಕ್ ತುಂಬಿಸಿಕೊಂಡು ಬಂದು ಅದೇ ಇಳಿಜಾರಿನಲ್ಲಿ ಮತ್ತೆ ಮತ್ತೆ ಇಳಿಸಿದಳು. ಒಮ್ಮೆಯೂ ನಿಲ್ಲಲಿಲ್ಲ.

“ಹಂಗಾದ್ರೆ ಮುಗೀತಲ್ಲ ಬೇಟಿ,” ಅಂದರು ಸಾಹೇಬರು. “ಟ್ಯಾಂಕ್ ಫುಲ್ ಇಟ್ಕೊಳ್ರಿ ಅಂತ ಅಜ್ಜಾರಿಗೆ ಹೇಳಿಬಿಡು.”

ಮಗಳು ಕೈ ಒರೆಸಿಕೊಳ್ಳುತ್ತ, “ಬ್ಯಾಡ ಚಾಚಾ. ಅಜ್ಜ ಹೆಂಗೆ ಇದಾರೋ ಹಂಗೇ ಇರ್ಲಿ. ಬದಲಾಗಬೇಕಾಗಿರೋದು ಗಾಡಿ,” ಅಂದಳು.

ನಾನು ಬುತ್ತಿ ಬಿಚ್ಚುವ ನೆಪದಲ್ಲಿ ಆ ಕಡೆ ತಿರುಗಿಕೊಂಡೆ. ರೊಟ್ಟಿಯ ಬಟ್ಟೆಯ ಗಂಟು ಏಕೋ ಬೇಗ ಬಿಚ್ಚಲಿಲ್ಲ.

ಸಾಹೇಬರ ಗ್ಯಾರೇಜಿನಲ್ಲಿ ಉಪ್ಪಿನಕಾಯಿ ಭರಣಿಯಷ್ಟು ಒಂದು ಮರಿ ಟ್ಯಾಂಕ್ ತಯಾರಾಯಿತು. ಅಳತೆ ಮಗಳದು, ಬೆಸುಗೆ ಅವರದು. ಬೆಸುಗೆಯ ಕಿಡಿ ಹಾರುವಾಗ ಇಬ್ಬರೂ ಒಂದೇ ಥರ ಮುಖ ಓರೆ ಮಾಡುತ್ತಿದ್ದರು. ಕಾರ್ಬುರೇಟರಿನ ಬಟ್ಟಲಿನ ಹಾಗೆ ಎಂಜಿನ್ ಪಕ್ಕದಲ್ಲಿ ಅದು ಯಾವಾಗಲೂ ತುಂಬಿರಬೇಕು, ವಿದ್ಯುತ್ ಪಂಪು ಅದರಿಂದಲೇ ಕುಡಿಯಬೇಕು. ಅದನ್ನು ತುಂಬಿಸುವುದಕ್ಕೆ ಮಗಳು ಹೊಸದೇನೂ ತರಲಿಲ್ಲ. ಕಾರ್ಬುರೇಟರ್ ಕಾಲದಲ್ಲಿ ಎಂಜಿನ್ನಿಗೆ ಅಂಟಿಕೊಂಡಿದ್ದ ಹಳೇ ಪಂಪನ್ನೇ, ಕಿತ್ತ ಸಾಮಾನು ಹಾಕಿಟ್ಟಿದ್ದ ತಟ್ಟೆಯಿಂದ ಎತ್ತಿ ತೊಳೆದು ಮತ್ತೆ ಕೂರಿಸಿದಳು. ಸುದ್ದಿ ತಿಳಿದ ಮಾವನವರು ಪೇಪರಿನಿಂದ ತಲೆ ಎತ್ತಿ, “ಅದಾ? ಅದು ಗಟ್ಟಿ ಮಾಲು,” ಅಂದು ಮತ್ತೆ ಪೇಪರಿನೊಳಗೆ ಹೋದರು.

ಕೊಯ್ಲು ಶುರುವಾಗುವ ದಿನ ಬೆಳಿಗ್ಗೆ ಅವರೇ ಓಡಿಸಿದರು. ದಾರಿಯಲ್ಲಿ ಬಂಕಿನಲ್ಲಿ ನಿಲ್ಲಿಸಿ ಎಂದಿನಂತೆ ಸ್ವಲ್ಪವೇ ಹಾಕಿಸಿದರು. ಹಿಂದೆ ನನ್ನ ಪಕ್ಕದಲ್ಲಿ ಕೂತಿದ್ದ ಮಗಳ ಕೈ ನನ್ನ ಸೆರಗಿನ ಅಂಚನ್ನು ಹಿಡಿದಿತ್ತು, ಚಿಕ್ಕವಳಿದ್ದಾಗ ಹಿಡಿಯುತ್ತಿದ್ದ ಹಾಗೆ. ಏರಿ ಬಂತು. ಮೂತಿ ಕೆಳಗಾಯಿತು. ನಾನು ಕಿವಿಗೊಟ್ಟೆ. ‘ಗುಂಯ್’ ಹಾಗೇ ಇತ್ತು.

ಅರ್ಧ ಇಳಿಜಾರಿನಲ್ಲಿ ಜೀಪು ನಿಂತಿತು. ಆದರೆ ಎಂಜಿನ್ ಓಡುತ್ತಲೇ ಇತ್ತು. ಮಾವನವರೇ ಬ್ರೇಕ್ ತುಳಿದು, ಮೂತಿ ಕೆಳಗಿದ್ದ ಹಾಗೆಯೇ, ಬೇಕೆಂದೇ ನಿಲ್ಲಿಸಿದ್ದರು. ಪಕ್ಕದ ಗದ್ದೆಯ ದಾಯಾದಿ ಕುಡುಗೋಲು ಹಿಡಿದು ಬದುವಿನ ಮೇಲೆ ನಿಂತು ನೋಡುತ್ತಿದ್ದರು. ಮಾವನವರು ಅವರಿಗೆ ಎಂಜಿನ್ ಸದ್ದು ಸಾಕಷ್ಟು ಹೊತ್ತು ಕೇಳಿಸಲಿ ಎಂದು ಕಾದು, ಕೈಬೀಸಿ ಕರೆದರು.

“ಬಾರಲೇ, ಕೂತ್ಕ. ಕರೆಂಟ್ ಐತೆ. ನನ್ನ ಮೊಮ್ಮಗಳು ಮಾಡಿದ್ದು.”

ಈಗ ಮಾವನವರು ಕೀಲಿ ತಿರುಗಿಸಿದ ಮೇಲೆ ಒಂದು ಬೆರಳು ಎತ್ತಿ ಹಿಡಿಯುತ್ತಾರೆ. ಜೀಪಿನಲ್ಲಿ ಯಾರೂ ಮಾತಾಡುವಂತಿಲ್ಲ. ಪಂಪು ತನ್ನ ಮಾತು ಮುಗಿಸಿದ ಮೇಲೆ ಬೆರಳು ಇಳಿಯುತ್ತದೆ, ಜೀಪು ಹೊರಡುತ್ತದೆ.

ಕೊಯ್ಲು ಮುಗಿದ ವಾರ ಒಗೆಯಲು ಹಾಕಿದ ಬಟ್ಟೆಗಳ ನಡುವೆ ಆ ಹಳೇ ಪಂಚೆ ಸಿಕ್ಕಿತು. ಕಾರ್ಬುರೇಟರ್ ಕೂತಿದ್ದ ಜಾಗದಲ್ಲಿ ಕಪ್ಪು ಎಣ್ಣೆ ಕಲೆ. ಮಂಚದ ಕೆಳಗೆ ಬಗ್ಗಿ ನೋಡಿದರೆ ಖಾಲಿ. ಬೇರೆಯಾಗಿ ನೆನೆಸಿ, ಎರಡು ಸಲ ಸೋಪು ತಿಕ್ಕಿದೆ. ಕಲೆ ಪೂರ್ತಿ ಹೋಗಲಿಲ್ಲ. ಹಾಗೇ ಜೀಪಿನ ಮೇಲಿನ ತಂತಿಗೆ ಹರವಿ ಬಂದೆ.