ಚುಟ್ಟ ಆರುವವರೆಗೆ

ನಾನು ಚುಟ್ಟ ಸೇದುವವನಲ್ಲ. ಜೀವಮಾನದಲ್ಲಿ ಒಂದೇ ಸಲ, ಅದೂ ಮೂರೇ ದಮ್ಮು ಎಳೆದು, ತಲೆ ಗಿರ್ರೆಂದು ತಿರುಗಿ, ಜಗಲಿಯ ಕಂಬ ಹಿಡಿದುಕೊಂಡು ಕೂತವನು. ಆದರೂ ಚುಟ್ಟದ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ತಡೆಯುವುದಿಲ್ಲ. ಈಚೆಗೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ಬೆಂಗಳೂರಿನ ಯಾವುದೋ ಕ್ಲಬ್ಬಿನಲ್ಲಿ ವಿದೇಶಿ ಸಿಗಾರ್ ಸೇದಿದ್ದನ್ನು ವರ್ಣಿಸುತ್ತಿದ್ದರು. ಅದರ ಘಮ, ಅದರ ಗತ್ತು, ಅದನ್ನು ಕತ್ತರಿಸುವ ಪುಟ್ಟ ಕತ್ತರಿ, ಎಲ್ಲ ಆಯಿತು. ಕೊನೆಗೆ, "ನಮ್ಮ ಕಡೆ ಚುಟ್ಟದ ಥರ ಗಬ್ಬು ನಾರಲ್ಲ ಸಾರ್ ಅದು" ಅಂದರು. ನಾನು ತಿದ್ದುತ್ತಿದ್ದ ಉತ್ತರ ಪತ್ರಿಕೆ ಕೆಳಗಿಟ್ಟೆ. ಸಿಗಾರ್ ಅಂದರೂ ಚುಟ್ಟವೇ ಕಣ್ರೀ, ಸೂಟು ಬೂಟು ಹಾಕಿಕೊಂಡಿದೆ ಅಷ್ಟೇ, ಇಂಗ್ಲಿಷಿನವರು ಚೆರೂಟ್ ಅನ್ನುತ್ತಾರಲ್ಲ, ಆ ಮಾತನ್ನು ಹಡಗು ಹತ್ತಿಸಿ ಕಳಿಸಿದವರೇ ನಮ್ಮ ದಕ್ಷಿಣದವರು ಎಂದು ಒಂದು ಪೀರಿಯಡ್ಡಿನ ಪಾಠವನ್ನೇ ಮಾಡಿಬಿಟ್ಟೆ. ಅವರು ಪಾಪ, ಟೀ ಆರಿಹೋಗುವವರೆಗೂ ಕೇಳಿಸಿಕೊಂಡರು.

ನನ್ನ ಸಿಟ್ಟಿಗೆ ಕಾರಣವಿದೆ. ನನ್ನ ಮದುವೆ ಕುದುರಿದ್ದು ಒಂದು ಚುಟ್ಟದ ಮೇಲೆ.

ನಾನು ಕೊರಟಗೆರೆ ಕಡೆಯವನು. ಸಮಾಜ ವಿಜ್ಞಾನದ ಮೇಷ್ಟ್ರಾಗಿ ಮೊದಲು ನೇಮಕವಾದದ್ದು ಪಾವಗಡ ತಾಲ್ಲೂಕಿಗೆ. ವಳ್ಳೂರಿನ ಹತ್ತಿರ ಬಾಡಿಗೆಗೆ ಒಂದು ಮನೆ ಸಿಕ್ಕಿತು. ಊರಾಚೆ ಕಣ್ಣು ಹಾಯಿಸಿದಷ್ಟು ದೂರ ಸೋಲಾರ್ ಫಲಕಗಳು ಬಿಸಿಲು ಕಾಯಿಸಿಕೊಂಡು ಮಲಗಿರುತ್ತಿದ್ದವು. ಅಲ್ಲಿಯವರ ಕನ್ನಡದೊಳಗೆ ತೆಲುಗು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ನನಗೆ ಗೊತ್ತಾಗುತ್ತಿರಲಿಲ್ಲ. ಗೊತ್ತಾದವನ ಹಾಗೆ ತಲೆಯಾಡಿಸುವುದನ್ನು ಮಾತ್ರ ಬೇಗ ಕಲಿತೆ. ಈ ಚಟವೇ ಮುಂದೆ ನನ್ನನ್ನು ಸಿಕ್ಕಿಹಾಕಿಸಿತು.

ಎದುರು ಮನೆಯ ಜಗಲಿಯಲ್ಲಿ ಒಬ್ಬ ಅಜ್ಜಿ ಕೂರುತ್ತಿದ್ದಳು. ಎಂಬತ್ತರ ಹತ್ತಿರದ ವಯಸ್ಸು, ನೆಟ್ಟಗಿನ ಬೆನ್ನು, ಬಾಯಲ್ಲಿ ಚುಟ್ಟ. ಮಕ್ಕಳು ಸೊಸೆಯರು ತುಂಬಿದ್ದ ಮನೆ ಅದು. ಆದರೆ ಎಲ್ಲರೂ ಅವಳ ಮುಖ ನೋಡಿಯೇ ಮುಂದಿನ ಮಾತಾಡುತ್ತಿದ್ದರು. ಶಾಲೆ ಮುಗಿಸಿ ಬಂದವನು ನಾನು ಅವಳ ಜಗಲಿಯ ಇನ್ನೊಂದು ತುದಿಯಲ್ಲಿ ಕೂರುವುದು ಅಭ್ಯಾಸವಾಯಿತು. ಮೊದಮೊದಲು ಹೊಗೆಗೆ ಕೆಮ್ಮುತ್ತಿದ್ದೆ. ಆಮೇಲೆ ಅವಳ ಕೈಗಳನ್ನು ನೋಡುತ್ತಾ ಕೆಮ್ಮುವುದನ್ನೇ ಮರೆತೆ.

ಅವಳು ಅಂಗಡಿ ಚುಟ್ಟ ಮುಟ್ಟುತ್ತಿದ್ದುದು ಅಪರೂಪ. ತನ್ನದನ್ನು ತಾನೇ ಸುತ್ತುತ್ತಿದ್ದಳು. ಒಣ ಹೊಗೆಸೊಪ್ಪಿನ ಮೇಲೆ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡುವಳು. ಎಲೆ ಮೆತ್ತಗಾದ ಮೇಲೆ ನಡುವಿನ ದಂಟನ್ನು ಉಗುರಿನಿಂದ ಒಂದೇ ಸಲಕ್ಕೆ ಸೀಳಿ ಎಳೆಯುವಳು. ಹರಿದ ಚೂರುಗಳು ಒಳಗೆ, ತೂತಿಲ್ಲದ ಅಗಲ ಎಲೆ ಹೊರಗೆ. ಮಣೆಯ ಮೇಲಿಟ್ಟು ಅಂಗೈಯಲ್ಲಿ ಎರಡು ಸಲ ಉರುಳಿಸಿದರೆ ಅದು ಚುಟ್ಟವಾಗಿರುತ್ತಿತ್ತು. ಅಂಚಿಗೆ ಬೆರಳ ತುದಿಯಷ್ಟು ಗಂಜಿ ಹಚ್ಚಿ ಅಂಟಿಸಿ, ನೂಲು ಸುತ್ತಿ, ನೆರಳಿನಲ್ಲಿ ಒಣಗಲು ಬಿಡುವಳು.

"ಬಿಗಿ ಆದ್ರೆ ದಮ್ಮು ಬರಲ್ಲ, ಸಡ್ಲ ಆದ್ರೆ ಬಗಬಗ ಅಂತ ಉರ್ದೋಯ್ತದೆ" ಅನ್ನುತ್ತಿದ್ದಳು. "ಕೈಗೇ ಗೊತ್ತಾಗ್ಬೇಕು ಮೇಷ್ಟ್ರೇ, ಬಾಯಾಗೆ ಹೇಳಕ್ಕಾಗಲ್ಲ."

ನಾನು ಇಪ್ಪತ್ತು ಸಲ ಪ್ರಯತ್ನ ಮಾಡಿದ್ದೇನೆ. ನನ್ನ ಕೈಗೆ ಒಂದು ಸಲವೂ ಗೊತ್ತಾಗಲಿಲ್ಲ. ನಾನು ಸುತ್ತಿದ್ದನ್ನು ಅವಳು ಬಿಚ್ಚಿ, ಮತ್ತೆ ನೀರು ಹಾಕಿ, ಏನೂ ಅನ್ನದೆ ತಾನೇ ಸುತ್ತಿಕೊಳ್ಳುತ್ತಿದ್ದಳು. ಆ ಏನೂ ಅನ್ನದಿರುವುದೇ ನನಗೆ ಜಾಸ್ತಿ ನಾಚಿಕೆ ತರುತ್ತಿತ್ತು.

ಪ್ರಾಯದಲ್ಲಿ ಕಡಲೆಕಾಯಿ ಹೊಲದಲ್ಲಿ ಕಳೆ ಕೀಳುವಾಗ ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಸೇದುತ್ತಿದ್ದಳಂತೆ. ಗಾಳಿಗೆ ಆರುವುದಿಲ್ಲ, ಕಿಡಿ ಹಾರಿ ಸೀರೆ ಸುಡುವುದಿಲ್ಲ, ಎರಡು ಕೈಯೂ ಕೆಲಸಕ್ಕೆ ಬಿಡುವು. ನಾನು ನಂಬಲಿಲ್ಲ. ಅವಳು ಬಾಯಿಂದ ಚುಟ್ಟ ತೆಗೆದು, ತಿರುಗಿಸಿ, ಬೆಂಕಿಯ ಕಡೆಯನ್ನು ಒಳಗಿಟ್ಟು ತುಟಿ ಮುಚ್ಚಿ, ಮೂಗಿನಲ್ಲಿ ಹೊಗೆ ಬಿಟ್ಟಳು. ಕಣ್ಣುಗಳು ಮಾತ್ರ ನಗುತ್ತಿದ್ದವು. ಸರ್ಕಸ್ಸಿನಲ್ಲೂ ನಾನು ಅಷ್ಟು ಬೆರಗಾಗಿರಲಿಲ್ಲ.

ಮೇಷ್ಟ್ರ ಬುದ್ಧಿ ಸುಮ್ಮನಿರುತ್ತದೆಯೇ. ಒಂದು ಸಂಜೆ ಅವಳಿಗೆ ಇತಿಹಾಸ ಹೇಳಲು ಹೋದೆ. ಈ ಹೊಗೆಸೊಪ್ಪು ನಮ್ಮ ದೇಶದ್ದೇ ಅಲ್ಲ ಅಜ್ಜಿ, ಸಮುದ್ರದಾಚೆ ಇನ್ನೊಂದು ಖಂಡದ್ದು, ಪೋರ್ಚುಗೀಸರು ಹಡಗಿನಲ್ಲಿ ತಂದದ್ದು, ನಮ್ಮ ಮೆಣಸಿನಕಾಯಿ, ಕಡಲೆಕಾಯಿ ಎಲ್ಲವೂ ಆ ಕಡೆಯಿಂದಲೇ ಬಂದದ್ದು ಎಂದೆ. ಅವಳು ಬೂದಿ ತಟ್ಟಿದಳು.

"ಬಂದ್ರೆ ಬಂದ್ವು ಬುಡು" ಅಂದಳು. "ನಮ್ ಮಣ್ಣಾಗೆ ಬೇರು ಬುಟ್ಟ ಮ್ಯಾಕೆ ನಮ್ವೇ."

ಅವಳದೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಯಾವ ಮುಖ್ಯ ವಿಷಯವಾದರೂ ಸರಿ, ಮೊದಲು ಒಂದು ಚುಟ್ಟ ಹಚ್ಚುವಳು. ಅದು ಆರುವವರೆಗೆ ಅವಳೂ ಮಾತಾಡುವುದಿಲ್ಲ, ಎದುರಿಗಿರುವವರೂ ಮಾತಾಡುವಂತಿಲ್ಲ. ಗೋಡೆಯ ವಿಷಯಕ್ಕೆ ಹೊಡೆದಾಡಿಕೊಂಡು ಬಂದ ಅಣ್ಣತಮ್ಮಂದಿರನ್ನು ಹೀಗೆ ಅರ್ಧ ಗಂಟೆ ಕೂರಿಸಿದ್ದನ್ನು ನಾನೇ ಕಂಡಿದ್ದೇನೆ. ಚುಟ್ಟ ಮುಗಿಯುವ ಹೊತ್ತಿಗೆ ಇಬ್ಬರ ದನಿಯೂ ಇಳಿದಿತ್ತು. ಒಬ್ಬ ಆಕಳಿಸುತ್ತಿದ್ದ. ನಮ್ಮ ವಿಧಾನಸಭೆಯಲ್ಲಿ ಇಂಥ ಒಬ್ಬ ಅಜ್ಜಿಯಿದ್ದಿದ್ದರೆ ಎಂದು ನಾನು ಆಗಾಗ ಅಂದುಕೊಳ್ಳುವುದುಂಟು.

ಅವಳ ಮೊಮ್ಮಗಳು ಪಾವಗಡದಲ್ಲಿ ನರ್ಸ್. ಭಾನುವಾರ ಮನೆಗೆ ಬಂದವಳೇ ಮೊಬೈಲಿನ ಲೈಟು ಹಾಕಿ, "ಬಾಯಿ ತೆಗಿ ಅಜ್ಜಿ" ಎಂದು ಒಳಗೆಲ್ಲ ಪರೀಕ್ಷೆ ಮಾಡುವಳು. ಹುಣ್ಣಿಲ್ಲ, ಬಿಳಿ ಮಚ್ಚೆಯಿಲ್ಲ ಎಂದು ಖಾತ್ರಿಯಾದ ಮೇಲೂ ಒಂದು ಗಂಟೆ ಬೈಯುವಳು. ಚುಟ್ಟ ಒಳ್ಳೆಯದೆಂದು ನಾನೂ ಹೇಳುವುದಿಲ್ಲ. ನನ್ನ ಮೆಚ್ಚುಗೆಯೆಲ್ಲ ಆ ಕೈಗಳಿಗೆ, ಆ ತಾಳ್ಮೆಗೆ. ಎರಡು ವರ್ಷ ಹೀಗೆ ಅಜ್ಜಿಯ ಪರೀಕ್ಷೆಗೆ ಮೊಬೈಲ್ ಹಿಡಿದುಕೊಂಡು ನಿಲ್ಲುವ ಕೆಲಸ ನನಗೆ ಸಿಕ್ಕಿತು. ಅಷ್ಟರಲ್ಲಿ ನಮ್ಮಿಬ್ಬರಿಗೂ ಒಬ್ಬರನ್ನೊಬ್ಬರು ಬಿಟ್ಟಿರಲು ಆಗುವುದಿಲ್ಲ ಎಂದು ಗೊತ್ತಾಗಿಹೋಗಿತ್ತು.

ಜಾತಿ ಬೇರೆ ಬೇರೆ. ನಮ್ಮ ಮನೆಯಲ್ಲಿ ಹೇಳಿದೆ. ಅಪ್ಪ ಕೂಗಾಡಲಿಲ್ಲ. "ಆಗು. ನಮ್ಮನ್ನ ಮಾತ್ರ ಕರೀಬೇಡ" ಅಂದರು. ಅಮ್ಮ ಒಳಗೆ ಹೋದಳು. ಅಣ್ಣ, ಚಿಕ್ಕಪ್ಪಂದಿರು, ಸೋದರಮಾವ, ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಒಬ್ಬೊಬ್ಬರಿಗೂ ಆ ತಿಂಗಳಿಡೀ ಏನೋ ಕೆಲಸವಿತ್ತು. ಇಷ್ಟನ್ನು ಅಜ್ಜಿಯ ಮೊಮ್ಮಗಳಿಗೆ ಹೇಳಿದ್ದೆ. ಅವಳ ಮನೆಯವರಿಗೆ ಹೇಳುವ ಧೈರ್ಯ ಬರಲಿಲ್ಲ.

ಆ ಕಡೆ ಅವಳು ಅಜ್ಜಿಗೆ ನಮ್ಮಿಬ್ಬರ ವಿಷಯ ಮಾತ್ರ ಹೇಳಿದಳು. ಆಗ ನಾನು ಬೇಸಿಗೆ ರಜೆಗೆ ಊರಿಗೆ ಬಂದಿದ್ದೆ. ಒಂದು ವಾರ ಸುದ್ದಿಯಿಲ್ಲ. ಶುಕ್ರವಾರ ಅಜ್ಜಿಯೇ ಫೋನ್ ಮಾಡಿದಳು. ಗಾಳಿಯ ಸದ್ದು, ಯಾವುದೋ ಟ್ರ್ಯಾಕ್ಟರಿನ ಸದ್ದು, ನಡುವೆ ಅವಳ ದನಿ. "ಆದಿವಾರಂ ಚುಟ್ಟಾಲತೋ ರಾ ನಾಯನಾ."

ಮೊದಲ ಸಲ ಅವಳು ನನ್ನನ್ನು ಮೇಷ್ಟ್ರೇ ಅನ್ನದೆ, ಮಗನನ್ನು ಕರೆಯುವ ಹಾಗೆ ನಾಯನಾ ಅಂದಿದ್ದಳು. ಅಷ್ಟಕ್ಕೇ ನನಗೆ ಕಣ್ಣು ತುಂಬಿತು. ಭಾನುವಾರ ಚುಟ್ಟಗಳನ್ನು ತೆಗೆದುಕೊಂಡು ಬಾ ಎಂದಳಲ್ಲ, ಇನ್ನೇನು ಬೇಕು. ತಲೆಯಾಡಿಸಿದೆ, ಫೋನಿನಲ್ಲೇ.

ಅಜ್ಜಿಗೆ ಕೊಡುವುದೆಂದರೆ ಸಾಮಾನ್ಯದ್ದಾಗಬಾರದು. ಶನಿವಾರ ಬೆಳಿಗ್ಗೆಯೇ ಮಧುಗಿರಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಶಿರಾಕ್ಕೆ ಹೋದೆ. ಅಲ್ಲಿ ಪೇಟೆಯಲ್ಲಿ ಹೊಗೆಸೊಪ್ಪು ಮಾರುವ ಒಬ್ಬ ಸಾಹೇಬರಿದ್ದಾರೆಂದು ಕೇಳಿದ್ದೆ. ಬಿಳಿ ಗಡ್ಡದ ಮುದುಕರು. ಚುಟ್ಟ ಯಾರಿಗೆ ಎಂದು ಕೇಳಿದರು. ಹೆಣ್ಣು ಕೊಡುವ ಮನೆಯ ಅಜ್ಜಿಗೆ ಎಂದೆ. ಅವರು ಮುಂದಿಟ್ಟಿದ್ದ ಕಟ್ಟನ್ನು ಸರಿಸಿ, ಒಳಗಿನಿಂದ ತಗಡಿನ ಡಬ್ಬಿ ತಂದರು.

"ಇದು ಅಸಲಿ ಮಾಲು ಮಾಸ್ಟರ್. ನಮ್ ದಾದಾ ಕಾಲ್ದಿಂದ ಇದೇ ಕೈ, ಇದೇ ಸುತ್ತು" ಎಂದು ಒಂದನ್ನು ನನ್ನ ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ಒತ್ತಿದರು. ಸಣ್ಣಗೆ ಚರ್ ಎಂದಿತು. ಹದವಾಗಿ ಒಣಗಿದ್ದರೆ ಹಾಗೆ ಅನ್ನುತ್ತದಂತೆ. ಹನ್ನೆರಡು ಚುಟ್ಟಗಳನ್ನು ಪತ್ರಿಕೆಯಲ್ಲಿ ಸುತ್ತಿ, ದಾರ ಕಟ್ಟಿ ಕೊಟ್ಟರು.

ಭಾನುವಾರ ಹನ್ನೊಂದಕ್ಕೆ ವಳ್ಳೂರಿನಲ್ಲಿ ಬಸ್ಸಿಳಿದೆ. ಅಜ್ಜಿಯ ಮನೆ ಮುಂದೆ ನೀರು ಹಾಕಿ ರಂಗೋಲಿ ಬಿಟ್ಟಿದ್ದರು. ಜಗಲಿಯ ತುಂಬ ಜಮಖಾನ. ಹುಡುಗಿಯ ಅಪ್ಪ, ಚಿಕ್ಕಪ್ಪ ಬಿಳಿ ಪಂಚೆಯುಟ್ಟು ನಿಂತಿದ್ದರು. ಒಳಗಿನಿಂದ ಒಬ್ಬಟ್ಟಿನ ವಾಸನೆ. ಇಷ್ಟೆಲ್ಲ ನನ್ನೊಬ್ಬನಿಗಾ ಎಂದು ಹಿಗ್ಗಿಹೋದೆ.

ಚಿಕ್ಕಪ್ಪ ನನ್ನ ಬೆನ್ನ ಹಿಂದೆ ರಸ್ತೆಯ ಕಡೆ ನೋಡಿದರು. "ಎಲ್ಲಿ ಸಾರ್?"

"ತಂದಿದೀನಿ" ಎಂದು ನಾನು ಪೊಟ್ಟಣವನ್ನು ಅಜ್ಜಿಯ ಮುಂದಿಟ್ಟೆ. ಅವಳು ದಾರ ಬಿಚ್ಚಿದಳು. ಹನ್ನೆರಡು ಚುಟ್ಟಗಳು ಜಮಖಾನದ ಮೇಲೆ ಸಾಲಾಗಿ ಉರುಳಿದವು. ಬಾಗಿಲ ಮರೆಯಲ್ಲಿದ್ದ ಮೊಮ್ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಮತ್ತೆ ಈಚೆ ಬಂದು, ನಗಬೇಕೋ ಅಳಬೇಕೋ ತಿಳಿಯದ ಮುಖದಲ್ಲಿ ನನಗೆ ವಿವರಿಸಿದಳು. ತೆಲುಗಿನಲ್ಲಿ ಚುಟ್ಟಲು ಅಂದರೆ ಚುಟ್ಟಗಳು. ಚುಟ್ಟಾಲು ಅಂದರೆ ನೆಂಟರು. ಅಜ್ಜಿ ಕರೆದದ್ದು ನನ್ನ ನೆಂಟರನ್ನು. ನಾನು ಬೇಡ ಅನ್ನದಿದ್ದುದರಿಂದ ನಮ್ಮವರು ಮನಸ್ಸು ಬದಲಿಸಿದರೆಂದೇ ಅವಳೂ ನಂಬಿದ್ದಳಂತೆ.

ಒಂದು ದೀರ್ಘಕ್ಕೆ ಮಕ್ಕಳ ಅಂಕ ಕತ್ತರಿಸುವವನು ನಾನು. ಆ ದಿನ ನನ್ನ ಬಾಳನ್ನೇ ಆ ದೀರ್ಘ ಕತ್ತರಿಸುವಂತೆ ಕಂಡಿತು.

"ತಮಾಷೆ ಮಾಡೋಕೆ ನಾವೇ ಸಿಕ್ಕಿದ್ವಾ ಮೇಷ್ಟ್ರೇ?" ಎಂದರು ಚಿಕ್ಕಪ್ಪ. "ಹತ್ತು ಜನ ಬತ್ತಾರೆ ಅಂತ ಬೆಳಿಗ್ಗೆಯಿಂದ ಒಲೆ ಉರೀತಾ ಐತೆ."

ಅಜ್ಜಿ ಕೈಯೆತ್ತಿ ಅವರನ್ನು ತಡೆದಳು. ನನ್ನನ್ನೇ ನೋಡಿ ಕೇಳಿದಳು. "ಕರೆದಿದ್ರೆ ಬತ್ತಿದ್ರಾ?"

ಸುಳ್ಳು ಹೇಳಬಹುದಿತ್ತು. ಮುಂದಿನ ವಾರ ಕರೆತರುತ್ತೇನೆ ಎಂದು ಜಾರಿಕೊಳ್ಳಬಹುದಿತ್ತು. "ಇಲ್ಲ ಅಜ್ಜಿ. ನನ್ನ ಕಡೆಯಿಂದ ಯಾರೂ ಬರಲ್ಲ. ಮದುವೆಗೂ ಬರಲ್ಲ" ಎಂದೆ.

ಅವಳು ಹನ್ನೆರಡರಲ್ಲಿ ಒಂದನ್ನು ಆರಿಸಿಕೊಂಡಳು. ಮೂಸಿದಳು. ಕಿವಿಯ ಹತ್ತಿರ ಹಿಡಿದು ಒತ್ತಿದಳು. ಹುಬ್ಬು ಸ್ವಲ್ಪ ಮೇಲೇರಿತು. ತುದಿ ಕಚ್ಚಿ ಉಗಿದು ಕಡ್ಡಿ ಗೀರಿದಳು. ಎಲ್ಲರೂ ಕೂತೆವು, ಏಕೆಂದರೆ ಇನ್ನು ಅದು ಆರುವವರೆಗೆ ಮಾಡುವುದೇನೂ ಇರಲಿಲ್ಲ.

ಅಷ್ಟು ನಿಧಾನವಾಗಿ ಉರಿದ ಚುಟ್ಟವನ್ನು ನಾನು ಕಂಡಿಲ್ಲ. ಸಾಹೇಬರ ಕೈಗುಣವನ್ನು ಅವತ್ತು ನಾನು ಒಂದೇ ಉಸಿರಿನಲ್ಲಿ ಹೊಗಳಿಯೂ ಶಪಿಸಿಯೂ ಇದ್ದೇನೆ. ಬೂದಿ ಎರಡು ಬೆರಳಷ್ಟು ಉದ್ದವಾದರೂ ಉದುರದೆ ನಿಂತಿತ್ತು. ಹೊಗೆ ನೀಲಿಯಾಗಿ ತೊಲೆಯವರೆಗೆ ನೆಟ್ಟಗೆ ಏರಿ ಅಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಬೆಲ್ಲ ಸ್ವಲ್ಪ ಸೀದಂಥ ವಾಸನೆ. ಅಜ್ಜಿ ಕಣ್ಣು ಅರೆಮುಚ್ಚಿ, ಎಳೆದ ಹೊಗೆಯನ್ನು ಬಾಯಲ್ಲೇ ಇಟ್ಟುಕೊಂಡು, ರುಚಿ ನೋಡಿ ಬಿಡುತ್ತಿದ್ದಳು. ನನ್ನ ಜೀವ ಬಾಯಿಗೆ ಬಂದಿದ್ದ ಹೊತ್ತಿನಲ್ಲೂ, ಒಂದು ವಸ್ತುವನ್ನು ಇಷ್ಟು ಪೂರ್ತಿಯಾಗಿ ಅನುಭವಿಸಬಲ್ಲವರು ಎಷ್ಟು ಜನ ಇದ್ದಾರು ಅನ್ನಿಸಿತು. ನಾನು ಊಟವನ್ನೂ ಹಾಗೆ ಉಂಡವನಲ್ಲ. ಚಿಕ್ಕಪ್ಪನ ಬಿಗಿದ ದವಡೆ ಸಡಿಲಾಯಿತು. ಹುಡುಗಿಯ ಅಪ್ಪ ನನಗೆ ಒಂದು ಲೋಟ ಮಜ್ಜಿಗೆ ತರಿಸಿದರು.

ಕೊನೆಗೆ ಅವಳು ತುಂಡನ್ನು ಜಗಲಿಯ ಅಂಚಿಗೆ ಒತ್ತಿ ಆರಿಸಿದಳು.

"ಎಲೆ ಹಾಕ್ರಿ" ಅಂದಳು. "ಹತ್ತು ಜನುದ್ದು ಊಟ ಇವನೊಬ್ನೇ ಉಣ್ಲಿ."

ಅದು ಒಪ್ಪಿಗೆಯೋ ಶಿಕ್ಷೆಯೋ ಯಾರಿಗೂ ತಿಳಿಯಲಿಲ್ಲ. ಏಳು ಒಬ್ಬಟ್ಟು ತಿಂದೆ. ಎಂಟನೆಯದು ಬಡಿಸುವಾಗ ಮೊಮ್ಮಗಳು ಮೆಲ್ಲಗೆ, "ತಿನ್ರಿ, ಒಪ್ಪಿದಾಳೆ" ಅಂದಳು. ಆದರೆ ಅಜ್ಜಿಯ ಬಾಯಿಂದ ಆ ಮಾತು ಬರಲಿಲ್ಲ. ಮದುವೆ ನಿಶ್ಚಯವಾಗುವಾಗಲೂ ಅವಳು ಹೂಂ ಅಂದಳೇ ಹೊರತು ನನ್ನನ್ನು ಕುರಿತು ಏನೂ ಹೇಳಲಿಲ್ಲ. ನೆಂಟರಿಲ್ಲದ ಗಂಡನ್ನು ಮೊಮ್ಮಗಳ ಮುಖ ನೋಡಿ ಸಹಿಸಿಕೊಂಡಿದ್ದಾಳೆ ಎಂದೇ ನನಗನ್ನಿಸುತ್ತಿತ್ತು. ಆ ಅನುಮಾನ ಒಳಗೊಳಗೇ ಕೊರೆಯುತ್ತಿತ್ತು.

ರಿಜಿಸ್ಟರ್ ಮದುವೆ. ಪಾವಗಡದ ಕಚೇರಿಯಲ್ಲಿ ಉದ್ದನೆಯ ಮೇಜು. ಒಂದು ಕಡೆ ಹುಡುಗಿ, ಅವಳ ಅಪ್ಪ ಅಮ್ಮ, ಚಿಕ್ಕಪ್ಪಂದಿರು, ಅತ್ತೆಯರು, ಅವರ ಮಕ್ಕಳು, ನಿಲ್ಲಲು ಜಾಗವಿಲ್ಲ. ಇನ್ನೊಂದು ಕಡೆ ನಾನು, ಹೊಸ ಷರ್ಟು ಹಾಕಿಕೊಂಡು. ಬೆಳಿಗ್ಗೆ ಅಪ್ಪನಿಗೆ ಮತ್ತೊಮ್ಮೆ ಫೋನ್ ಮಾಡಿದ್ದೆ. ಎತ್ತಿರಲಿಲ್ಲ.

ಗುಮಾಸ್ತರು ಕಾಗದದಿಂದ ತಲೆಯೆತ್ತದೆ ಕೇಳಿದರು. "ಹೆಣ್ಣಿನ ಕಡೆ ಸಾಕ್ಷಿ ಆಯ್ತು. ಗಂಡಿನ ಕಡೆಯಿಂದ ಯಾರು?"

ಸಹೋದ್ಯೋಗಿಯೊಬ್ಬರನ್ನು ಕರೆದಿದ್ದೆ, ಅವರ ಬಸ್ಸು ತಡವಾಗಿತ್ತು. ಅದನ್ನು ಹೇಳಲು ಬಾಯಿ ತೆರೆದೆ.

ಆ ಕಡೆಯ ಗುಂಪು ಸರಿಯಿತು. ಅಜ್ಜಿ ಮೇಜು ಸುತ್ತಿಕೊಂಡು ಬಂದಳು. ಮೊಣಕಾಲು ನೋವಿತ್ತು, ಹಿಡಿಯಲು ಬಂದವರನ್ನು ಬೇಡ ಅಂದಳು. ಬಂದು ನನ್ನ ಪಕ್ಕದಲ್ಲಿ ನಿಂತಳು.

"ಅಜ್ಜಿ, ನೀವು ಹೆಣ್ಣಿನ ಕಡೆಯೋರಲ್ವಾ?" ಎಂದರು ಗುಮಾಸ್ತರು.

"ಆ ಕಡೀಕೆ ಜನ ಅವ್ರೆ" ಅಂದಳು. "ಈ ಕಡೀಕೆ ನಾನಿವ್ನಿ. ಬರ್ಕೋ."

"ಹುಡುಗನಿಗೆ ಏನಾಗ್ಬೇಕು ನೀವು?"

"ಇವ್ನು ನಮ್ಮೋನು" ಅಂದಳು. ಇಂಕು ಹಚ್ಚಲು ಹೆಬ್ಬೆರಳು ಮುಂದೆ ಚಾಚಿದಳು. ನನ್ನ ಹೆಸರಿನ ಕೆಳಗೆ ಎಲ್ಲಿ ಒತ್ತಬೇಕೆಂದು ಅವಳಿಗೆ ತೋರಿಸಬೇಕಾಗಿತ್ತು. ನನಗೆ ಅಕ್ಷರಗಳೇ ಕಾಣುತ್ತಿರಲಿಲ್ಲ.