ಕಾರಿನ ಸ್ಟೀರಿಯೊ ಮತ್ತು ಮಾವನವರ ಕಿವಿ

ಹೊಸ ಕಾರ್ ಸ್ಟೀರಿಯೊಗಳಿಗೆ ವಿನಯ ವಿಪರೀತ. ಕೀಲಿ ತಿರುಗಿಸಿದ ಕೂಡಲೇ ಪರದೆಯ ಮೇಲೆ ಸ್ವಾಗತ ಕೋರುತ್ತವೆ, ವೇಳೆ ತಿಳಿಸುತ್ತವೆ, ಯಾರೂ ಕೇಳದಿದ್ದರೂ ಬಣ್ಣ ಬದಲಿಸಿ ತೋರಿಸುತ್ತವೆ. ನನ್ನದೂ ಇವೆಲ್ಲವನ್ನೂ ಚಾಚೂ ತಪ್ಪದೆ ಮಾಡಿತು, ಸದ್ದು ಹೊರಡಿಸುವುದೊಂದನ್ನು ಬಿಟ್ಟು. ಕೊಳ್ಳೇಗಾಲದ ಕಾಲೇಜಿನಲ್ಲಿ ವರ್ಷಗಳಿಂದ ಕಾವ್ಯಮೀಮಾಂಸೆ ಬೋಧಿಸುತ್ತ, ಧ್ವನಿಯೆಂದರೇನೆಂದು ಗಂಟೆಗಟ್ಟಲೆ ಕೊರೆಯುವ ನನ್ನ ಕಾರಿನಲ್ಲೇ ಧ್ವನಿ ಅಡಗಿದ್ದು ನಿಮಗೆ ತಮಾಷೆಯಾಗಿ ಕಂಡೀತು. ನನಗೆ ಕಾಣಲಿಲ್ಲ. ಅವತ್ತಿನ ಸಿಟ್ಟು ಇನ್ನೂ ಪೂರ್ತಿ ಆರಿಲ್ಲ. ಬರೆಯುವಾಗ ಅಲ್ಲಲ್ಲಿ ಕಿಡಿ ಹಾರಿದರೆ ದಯವಿಟ್ಟು ಸ್ವಲ್ಪ ಹಿಂದೆ ಸರಿದು ಕೂತುಕೊಳ್ಳಿ.

ನನ್ನ ಕಾರು ಹಳೆಯದಾದರೂ ಕುಲೀನ ವಂಶದ್ದು. ಅದನ್ನು ತಯಾರಿಸಿದ ಕಂಪನಿಯವರೇ ಸೀಟಿನಡಿ ಕೂರಿಸಿದ ಆಂಪ್ಲಿಫೈಯರ್ ಒಂದಿದೆ. ಸ್ಟೀರಿಯೊ ಪಿಸುಗುಟ್ಟಿದ್ದನ್ನು ಹಿಗ್ಗಿಸಿ ಬಾಗಿಲ ಸ್ಪೀಕರುಗಳಿಗೆ ಕಳಿಸುವುದು ಅದರ ಕಾಯಕ. ಈ ಆಂಪ್ಲಿಫೈಯರಿನ ಪರಮಭಕ್ತರೆಂದರೆ ಹೊನ್ನೂರಿನ ನಮ್ಮ ಮಾವನವರು. ಎಂಬತ್ತು ದಾಟಿದ ಅವರಿಗೆ ಕಿವಿ ಮಂದವಾಗುತ್ತ ಬಂದು, ಮನೆಯ ಮಾತೆಲ್ಲ ಬರೀ ಗುಜುಗುಜು ಆಗಿಬಿಟ್ಟಿತ್ತು. ಗಾಜು ಏರಿಸಿದ ನನ್ನ ಕಾರಿನಲ್ಲಿ ಮಾತ್ರ ಪದಗಳು ಬಿಡಿಬಿಡಿಯಾಗಿ ಕೇಳುತ್ತವೆಂದು ಒಮ್ಮೆ ಅವರೇ ಕಂಡುಕೊಂಡರು. ಅಂದಿನಿಂದ ಪ್ರತಿ ಭಾನುವಾರ ನಾನೂ ನನ್ನ ಹೆಂಡತಿ ಸುಶೀಲೆಯೂ ಹೊನ್ನೂರಿಗೆ ಹೋಗುವುದು, ಅವರು ಕಾರಿನ ಮುಂದಿನ ಸೀಟಿನಲ್ಲಿ ಕೂತು ರೇಡಿಯೊದಲ್ಲಿ ಭತ್ತದ ರೋಗ, ಕಬ್ಬಿನ ತಳಿ, ದೇವರನಾಮ ಎಲ್ಲವನ್ನೂ ಒಂದೇ ಭಕ್ತಿಯಿಂದ ಕೇಳುವುದು ರೂಢಿಯಾಯಿತು.

ಹಳೆಯ ಸ್ಟೀರಿಯೊ ಕೆಟ್ಟಾಗ ಕೊಳ್ಳೇಗಾಲದ ಒಂದು ಅಂಗಡಿಯಲ್ಲಿ ಹೊಸದನ್ನು ಹಾಕಿಸಿದೆ. ಆಂಪ್ಲಿಫೈಯರಿಗೆ ಇದು ಹೊಂದುತ್ತದೆಯೇ ಎಂದು ಕೇಳಿದ್ದಕ್ಕೆ ಅಂಗಡಿಯಾತ, ಮದುವೆ ದಲ್ಲಾಳಿಯ ಧೈರ್ಯದಿಂದ, ಎಲ್ಲಕ್ಕೂ ಎಲ್ಲವೂ ಹೊಂದುತ್ತದೆ ಎಂದ. ಅಂಗಡಿಯ ಮುಂದೆ ಚೆನ್ನಾಗಿಯೇ ಕೇಳಿಸಿತು. ಹಿಗ್ಗಿ ಮನೆಗೆ ಬಂದೆ.

ಮರುದಿನ ಭಾನುವಾರ. ಹೊನ್ನೂರಿನ ದಾರಿಯಲ್ಲಿ ಸುಶೀಲೆಯ ಜೊತೆ ಯಾವುದೋ ವಾದದಲ್ಲಿ ಮುಳುಗಿದ್ದರಿಂದ ರೇಡಿಯೊ ಹಾಕಲಿಲ್ಲ. ಊರು ತಲುಪಿದ ಮೇಲೆ ಅವಳೇ ಅಪ್ಪನನ್ನು ಕಾರಿನಲ್ಲಿ ಕೂರಿಸಿ, ಗುಂಡಿ ಒತ್ತಿ, ಪರದೆ ಬೆಳಗಿದ್ದನ್ನು ನೋಡಿ ಬಾಗಿಲು ಹಾಕಿ ಒಳಗೆ ಬಂದಳು. ಅರ್ಧ ಗಂಟೆಯಾದ ಮೇಲೆ ಮಾವನವರು ಗೋಡೆ ಹಿಡಿದು ಬಂದು ಜಗಲಿಯಲ್ಲಿ ಕೂತರು. ಮುಖ ಸಪ್ಪಗಿತ್ತು. ಮಗಳನ್ನು ಕರೆದು ಮೆಲ್ಲಗೆ ಹೇಳಿದರು:

"ಇದ್ದದ್ದೊಂಚೂರೂ ಓಯ್ತು ಕಣವ್ವ. ನನ್ ಕಿವಿ ಪೂರಾ ಓಯ್ತು."

ನಾನು ಕಾರಿಗೆ ಓಡಿದೆ. ಪರದೆಯಲ್ಲಿ ರೇಡಿಯೊ ಕೇಂದ್ರದ ಸಂಖ್ಯೆಯಿತ್ತು, ಕುಣಿಯುವ ಗೆರೆಗಳಿದ್ದವು, ಸದ್ದು ಮಾತ್ರ ಸೊನ್ನೆ. ಆ ಮನುಷ್ಯ ಅರ್ಧ ಗಂಟೆ ಆ ಗೆರೆಗಳನ್ನೇ ನೋಡುತ್ತ, ತನ್ನ ಪಾಲಿನ ಲೋಕ ಮುಚ್ಚಿಹೋಯಿತೆಂದುಕೊಂಡು ಒಬ್ಬರೇ ಕೂತಿದ್ದರು. ಕೆಟ್ಟಿದ್ದು ರೇಡಿಯೊ, ನಿಮ್ಮ ಕಿವಿಯಲ್ಲ ಎಂದು ನಾವಿಬ್ಬರೂ ಕೈಸನ್ನೆ ಮಾಡಿ, ಕೂಗಿ ಹೇಳಿದೆವು. ಸಮಾಧಾನಕ್ಕೆ ಹೇಳುತ್ತಿದ್ದೇವೆಂದುಕೊಂಡು ಅವರು ತಲೆಯಾಡಿಸಿ, ಟವೆಲ್ಲನ್ನು ತಲೆಯ ಮೇಲೆಳೆದುಕೊಂಡು ಗೋಡೆಗೆ ಒರಗಿದರು.

ಅವರನ್ನೂ ಕಾರಿನಲ್ಲಿ ಕೂರಿಸಿಕೊಂಡು ಕೊಳ್ಳೇಗಾಲಕ್ಕೆ ಹೊರಟೆ. ಯಳಂದೂರು ದಾಟುವಷ್ಟರಲ್ಲಿ ನನ್ನ ನಾಲಿಗೆಗೆ ಬ್ರೇಕು ಇರಲಿಲ್ಲ. ಅಂಗಡಿಯವನಿಂದ ಶುರುವಾದ ಬೈಗುಳ, ಅವನನ್ನು ನಂಬಿದ ನನ್ನ ಬುದ್ಧಿಯನ್ನು ಮುಟ್ಟಿ, ಅಲ್ಲಿ ನಿಲ್ಲಲು ನಾಚಿ, ಪಕ್ಕದ ಸೀಟಿಗೆ ತಿರುಗಿತು. ನನ್ನಂಥ ಪಂಡಿತರ ಕೋಪಕ್ಕೆ ಸದಾ ತಿರುಗಿ ಮಾತಾಡದವರೇ ಬೇಕು.

"ಈ ಮುದುಕರ ಕಿವಿಗೋಸ್ಕರ ನನ್ನ ಭಾನುವಾರಗಳೆಲ್ಲ ಹಾಳು. ಕಿವಿಗೆ ಮಿಷನ್ ಹಾಕಿಸ್ತೀನಿ ಅಂದ್ರೆ ಬೇಡ, ಇವರಿಗೆ ನನ್ನ ಕಾರೇ ಆಗಬೇಕು."

ಹಿಂದಿನ ಸೀಟಿನಿಂದ ಸುಶೀಲೆ ನನ್ನ ಭುಜ ಹಿಂಡಿದಳು. ಅವರಿಗೆಲ್ಲಿ ಕೇಳಬೇಕು ಎಂದು ಇನ್ನೂ ಜೋರಾಗಿ ಮುಂದುವರಿಸಿದೆ. ಮಾವನವರು ಏರಿಸಿದ ಗಾಜಿನಾಚೆ ಗದ್ದೆ ನೋಡುತ್ತಿದ್ದರು.

ಅಂಗಡಿಯಾತ ಕಾರಿನೊಳಕ್ಕೆ ತಲೆಯನ್ನೂ ಹಾಕಲಿಲ್ಲ. ಹೊರಗೇ ನಿಂತು, ಆಂಪ್ಲಿಫೈಯರ್ ಸತ್ತಿದೆ, ಕಿತ್ತೆಸೆದು ತನ್ನಲ್ಲಿರುವ ಹೊಸದನ್ನು ಹಾಕಿಸಿಕೊಳ್ಳಿ ಎಂದು ತೀರ್ಪು ಕೊಟ್ಟ. ನಿನ್ನೆ ಬದುಕಿದ್ದದ್ದು ಇವತ್ತು ಸತ್ತಿದ್ದು ಹೇಗೆ ಎಂದೆ. ಹಳೇ ಗಾಡಿ ಸಾ, ಎಂದು ನಕ್ಕ. ಆ ನಗುವಿಗೆ ನಾನು ಕೊಟ್ಟ ಉತ್ತರದಲ್ಲಿದ್ದ ಪದಗಳು ನಾನು ಪಾಠ ಹೇಳುವ ಯಾವ ಅಲಂಕಾರದಲ್ಲೂ ಬರುವುದಿಲ್ಲ. ಬೀದಿಯಲ್ಲಿ ಜನ ಸೇರಿದರು. ಸುಶೀಲೆ ನನ್ನನ್ನು ಎಳೆದು ಕಾರಿಗೆ ತುಂಬಿ, ಹನೂರಿಗೆ ನಡೆಯಿರಿ ಎಂದಳು.

ಹನೂರಿನಲ್ಲಿ ಅವಳ ಸಹಪಾಠಿ ರತ್ನಮ್ಮ ವಾಹನಗಳ ವೈರಿಂಗ್ ಅಂಗಡಿ ಇಟ್ಟಿದ್ದಾರೆ. ಅವರು ನನ್ನ ಭಾಷಣಕ್ಕೆ ಕಿವಿಗೊಡದೆ ಸ್ಟೀರಿಯೊವನ್ನು ಗೂಡಿನಿಂದ ಈಚೆ ಎಳೆದು, ಹಿಂದಿನ ತಂತಿಗಳ ಗೋಜಲಿನಿಂದ ತೆಳ್ಳನೆಯ ನೀಲಿ ವೈರೊಂದನ್ನು ಹೆಕ್ಕಿ ಹಿಡಿದರು. ಸ್ಟೀರಿಯೊ ಚಾಲೂ ಆದಾಗ ಆಂಪ್ಲಿಫೈಯರಿಗೂ ಎಚ್ಚರವಾಗಲೆಂದು ಸೂಚನೆ ಒಯ್ಯುವ ವೈರು ಅದು. ಅಂಗಡಿಯಾತ ಅದನ್ನು ಬರಿಗೈಯಲ್ಲಿ ಹೊಸೆದು ಟೇಪು ಸುತ್ತಿದ್ದ; ಬಿಸಿಲಿಗೆ ಟೇಪು ಜಾರಿ, ರಸ್ತೆಯ ಕುಲುಕಿಗೆ ಗಂಟು ಬಿಚ್ಚಿತ್ತು.

"ಆಂಪು ಸತ್ತಿಲ್ಲ ಸಾ," ಎಂದರು ರತ್ನಮ್ಮ. "ಅದ್ನ ಯಾರೂ ಎಬ್ಬುಸಿಲ್ಲ, ಅಷ್ಟೇಯ."

ಬೆಸುಗೆ ಹಾಕಿ ಗುಂಡಿ ಒತ್ತಿದ ಕ್ಷಣ ರೇಡಿಯೊದ ಹೆಣ್ಣುದನಿಯೊಂದು ತೆಂಗಿನ ನುಸಿಪೀಡೆಯ ಬಗ್ಗೆ ಕಾರು ತುಂಬ ಮಾತಾಡತೊಡಗಿತು. ಗೆದ್ದವನಂತೆ ಮಾವನವರತ್ತ ಬಾಗಿ, ಈಗ ಕೇಳುತ್ತದೆಯೇ ಎಂದು ಕೂಗಿದೆ.

"ಕೂಗ್ಬ್ಯಾಡಿ. ಬೆಳಿಗ್ಗೆನೇ ಕೇಳ್ತು," ಎಂದರು. "ಯಳಂದೂರ್ ತಾವು ನೀವು ಬೈದದ್ದೆಲ್ಲ ಕೇಳ್ತು. ಏನಾರ ಆಗ್ಲಿ, ಕಿವಿ ಓಗಿಲ್ವಲ್ಲ ಅಂತ ಸಮಾದಾನ ಆಯ್ತು."

ರತ್ನಮ್ಮ ಕತ್ತರಿಸಿದ ವೈರಿನ ತುಂಡುಗಳನ್ನು ಬಹಳ ಶ್ರದ್ಧೆಯಿಂದ ಆಯತೊಡಗಿದರು. ಸುಶೀಲೆ ನನ್ನನ್ನು ನೋಡಲೇ ಇಲ್ಲ.

ಹಿಂದಿರುಗುವಾಗ ಸ್ಟೀರಿಂಗ್ ಹಿಡಿದ ಕೈಗಳಲ್ಲಿ ಅದೇ ಸಿಟ್ಟು ಉರಿಯುತ್ತಿತ್ತು. ಆದರೆ ಈಗ ಅದರ ಎದುರಿಗೆ ನಾನೊಬ್ಬನೇ ಇದ್ದೆ. ಅಂಗಡಿಯವನಾದರೋ ಒಂದು ವೈರನ್ನು ಸಡಿಲ ಬಿಟ್ಟಿದ್ದ. ನಾನು ಬಿಟ್ಟದ್ದು ನಾಲಿಗೆಯನ್ನು, ಅದೂ ಕೇಳಿಸದೆಂಬ ಭರವಸೆಯ ಮೇಲೆ. ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ರೇಡಿಯೊದ ಸದ್ದನ್ನು ನೆಪ ಮಾಡಿಕೊಂಡು ಮುಚ್ಚಿದೆ. ಕೊಳ್ಳೇಗಾಲ ಹತ್ತಿರವಾದಾಗ ಮಾವನವರು ಕೈ ಚಾಚಿ, ತಡಕಾಡಿ, ಸದ್ದನ್ನು ತಾವೇ ಪೂರ್ತಿ ಇಳಿಸಿ ನನ್ನ ಕಡೆ ತಿರುಗಿ ಕೂತರು.

"ಏನೋ ಯೋಳಕ್ ಓಗ್ತಿದ್ರಿ. ಯೋಳಿ, ಕೇಳ್ತದ."

ತಪ್ಪಾಯಿತು ಎಂದೆ. ಎರಡನೇ ಸಲ ಹೇಳಬೇಕಾಗಲಿಲ್ಲ.