ಸಾಲಾಚಿಯಕ್ಕನ ಮನೆಗೆ ಹೋದ ಪಾತ್ರೆಗಳು

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನುವ ಮಾತು ಆಫ್ರಿಕಾದ ಡರ್ಬನ್ನಿನಲ್ಲಿ ಭಾರತೀಯರೇ ಹೆಚ್ಚಿರುವ ನಮ್ಮ ಬಡಾವಣೆ ಚಾಟ್ಸ್‌ವರ್ತಿನ ಸಾಲಾಚಿಯಕ್ಕನಿಗೆಂದೇ ಹುಟ್ಟಿದ್ದು. ಪಕ್ಕದ ಮನೆಯವಳಾದ ನಾನೇ ಹೇಳುತ್ತಿದ್ದೇನೆ. ಬೀದಿಯಲ್ಲಿ ಯಾರು ಏನು ಅಟ್ಟರೂ ಅವಳಿಗೊಂದು ಪಾತ್ರೆ ಹೋಗುತ್ತಿತ್ತು. ಹೋದದ್ದು ಬರುತ್ತಿರಲಿಲ್ಲ. ಕದಿಯುವ ಹೆಂಗಸಲ್ಲ, ಪಾಪ. ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು, ಬಂದದ್ದಕ್ಕೆ ಸಮನಾದದ್ದನ್ನೇ ತುಂಬಬೇಕು ಎಂಬ ಹಟ. ಅಡುಗೆಯೋ, ಅವಳ ಕೈಗೆ ಹತ್ತಿದ್ದಲ್ಲ.

ಎದುರುಮನೆ ಹಾಜರಾಳ ಬಿರಿಯಾನಿಗೆ ಸಮನಾಗಿ ಏನು ಮಾಡಿಯಾಳು? ಈದಿಗೆ ಬಂದ ದೊಡ್ಡ ಡಬರಿ ಹಾಗೇ ಉಳಿಯಿತು. ಹಾಜರಾ ಬಾಯಿಬಿಟ್ಟು ಕೇಳಿದಾಗ ನಾಚಿಕೆಗೆ, "ಕೊಟ್ಟಾಯ್ತಲ್ಲೇ, ಮಾರಿಯಮ್ಮನಾಣೆ!" ಎಂದುಬಿಟ್ಟಳು. ಪ್ರಾಣದ ಗೆಳತಿಯರು ಅವತ್ತಿನಿಂದ ಮಾತು ಬಿಟ್ಟರು. ವರ್ಷಗಳೇ ಕಳೆದವು.

ಸಾಲಾಚಿಯಕ್ಕನ ಮಗಳು ಕೆರೂಷಾ ಕಲಾವಿದೆ. 'ಆಫ್ರಿಕಾದಲ್ಲಿ ನಾವು ಯಾರು' ಎಂದು ಡರ್ಬನ್ನಿನ ಗ್ಯಾಲರಿಯಲ್ಲಿ ಪ್ರದರ್ಶನವಿಟ್ಟು, ಇಡೀ ಬೀದಿಗೆ ಬಸ್ಸು ಕಳಿಸಿದಳು. ಆ ಹುಡುಗಿಯ ಮೇಲಿನ ಪ್ರೀತಿಗೆ ಹಾಜರಾ ಕೂಡ ಬಂದಳು.

ಒಳಗೆ ಹೋದರೆ ಗೋಡೆ ತುಂಬ ಪಾತ್ರೆಗಳು! ಅಮ್ಮನಿಗೆ ಹೇಳದೆ ಗ್ಯಾರೇಜಿನ ಪೆಟ್ಟಿಗೆಗಳಿಂದ ಹೊತ್ತು ತಂದು, ತಳ ಕಾಣುವಂತೆ ನೇತುಹಾಕಿದ್ದಳು. ತಳದಲ್ಲಿ, ಗುರುತಿಗೆಂದು ನಾವು ನಾವೇ ಬರೆದುಕೊಂಡಿದ್ದ ಕೆಂಪು ಉಗುರುಬಣ್ಣದ ಹೆಸರುಗಳು. ಗೋವೆಂಡರ್, ಪಟೇಲ್, ಥೆಂಬಿಲೆ, ನನ್ನದೂ ಒಂದು. ನಟ್ಟನಡುವೆ 'ಹಾಜರಾ'.

"ಎಷ್ಟೊಂದು ಜನಾಂಗ, ಒಂದೇ ಗೋಡೆ!" ಎಂದು ಗಡ್ಡದ ವಿಮರ್ಶಕನೊಬ್ಬ ಕಣ್ಣೊರೆಸಿಕೊಂಡ.

"ಅಯ್ಯೋ, ನನ್ನ ಪುಡಿಂಗ್ ಬಟ್ಟಲು!" ಎಂದು ನಮ್ಮ ಬೀದಿಯ ಜುಲು ಹೆಂಗಸು ಥೆಂಬಿಲೆ ಕೂಗಿದಳು.

ಹಾಜರಾ ಮಾತ್ರ ಮೆಲ್ಲಗೆ ಕೇಳಿದಳು, "ಮಾರಿಯಮ್ಮನಾಣೆ ಅಂದಿದ್ಯಲ್ಲೇ, ಸಾಲಾಚಿ?"

ಸಾಲಾಚಿಯಕ್ಕನ ಮುಖ ನೋಡಲಾಗಲಿಲ್ಲ. "ಅಂದಿದ್ದೆ ಕಣೇ. ನಿನ್ನ ಬಿರಿಯಾನಿ ಉಂಡು ನನ್ನ ಗೊಡ್ಡುಸಾರು ಯಾವ ಮುಖ ಇಟ್ಕೊಂಡು ಕಳಿಸ್ಲಿ?" ಎಂದು ಅತ್ತೇಬಿಟ್ಟಳು. ಆಮೇಲೆ ಕುರ್ಚಿ ಎಳೆದು ಹತ್ತಿದಳು.

"ಅಮ್ಮಾ, ಮುಟ್ಬಾರ್ದು! ಅದು ಕಲಾಕೃತಿ!"

"ನಿನ್ನ ತಲೆ! ಅದು ಹಾಜರಾಳ ಡಬರಿ!"

ಇಳಿಸಿ ಸೆರಗಿನಲ್ಲಿ ಒರೆಸಿದಳು. ಖಾಲಿ ಕೊಡುವುದುಂಟೇ? ಅತಿಥಿಗಳಿಗಿಟ್ಟ ಸಮೋಸಾಗಳನ್ನೆಲ್ಲ ಅದರೊಳಗೆ ಸುರಿದು ಗೆಳತಿಯ ಕೈಗಿಟ್ಟಳು. ಇದೂ ಪ್ರದರ್ಶನದ ಭಾಗವೆಂದು ವಿಮರ್ಶಕ ಚಪ್ಪಾಳೆ ತಟ್ಟಿದ.

ಹಾಜರಾ ಒಂದನ್ನು ಕಚ್ಚಿದಳು. "ಥೂ, ಉಪ್ಪೇ ಇಲ್ಲ. ನೀನೇ ಮಾಡಿದ ಹಾಗಿದೆ." ಆದರೂ ಇನ್ನೊಂದನ್ನು ಕೈಗೆತ್ತಿಕೊಂಡಳು. "ಈ ಈದಿಗೆ ಬಿರಿಯಾನಿ ಕಳಿಸ್ತೀನಿ. ಡಬರಿ ವಾಪಸ್ ಕಳಿಸ್ಬೇಡ. ನಾನೇ ಬರ್ತೀನಿ, ಕೂತು ಚಹಾ ಕುಡಿದು ತಗೊಂಡ್ಹೋಗ್ತೀನಿ. ಚಹಾ ಆದ್ರೂ ನೆಟ್ಟಗೆ ಮಾಡ್ತೀಯೇನೇ?"